ಬೂಟ್ ಸ್ಪ್ಲ್ಯಾಶ್: ಚಿತ್ರ ಹಾಕುವುದು ಸುಲಭ, ನಡುವಿನ ಕತ್ತಲೆ ತೆಗೆಯುವುದೇ ಕೆಲಸ

ಹೋಮ್ ಥಿಯೇಟರ್‌ಗೆ ಜೋಡಿಸಿದ ಲಿನಕ್ಸ್ ಮಿನಿ ಪಿಸಿಯ ಸ್ವಿಚ್ ಒತ್ತಿ ಟಿವಿಯನ್ನೇ ನೋಡುತ್ತಿರಿ. ಮೊದಲು ಬೋರ್ಡ್ ಕಂಪನಿಯ ಲೋಗೋ ಬರುತ್ತದೆ, ಆಮೇಲೆ ಗ್ರಬ್ ಮೆನು. ಒಂದೆರಡು ಸಾಲು ಬಿಳಿ ಅಕ್ಷರ, ಎಡಮೂಲೆಯಲ್ಲಿ ಮಿಟುಕುವ ಕರ್ಸರ್, ಕತ್ತಲೆ, ಡೆಬಿಯನ್‌ನ ಚಿತ್ರ, ಮತ್ತೆ ಕತ್ತಲೆ, ಕೊನೆಗೆ ಕೋಡಿ. ಫರ್ಮ್‌ವೇರ್ (ಬೋರ್ಡಿನೊಳಗಿನ ತಂತ್ರಾಂಶ), ಗ್ರಬ್ (ಕರ್ನಲ್ ಎಬ್ಬಿಸುವ ಬೂಟ್‌ಲೋಡರ್), ಕರ್ನಲ್ (ಲಿನಕ್ಸ್‌ನ ತಿರುಳು), ಪ್ಲಿಮತ್ (ಯಂತ್ರ ಏಳುವಾಗ ಚಿತ್ರ ತೋರಿಸುವುದು), ಕೋಡಿ (ಸಿನಿಮಾ, ಹಾಡು ನುಡಿಸುವುದು) ಹೀಗೆ ಐದು ತಂತ್ರಾಂಶಗಳು ಸರದಿಯಲ್ಲಿ ಒಂದೇ ಪರದೆಯನ್ನು ಹಿಡಿದು ಬಿಡುತ್ತವೆ. "ಮನೆ ಹೆಸರಿರುವ ಚಿತ್ರ ಬರಲಿ" ಎಂದು ಗ್ರಾಹಕರು ಕೇಳಿದಾಗ ಅವರ ಮನಸ್ಸಿನಲ್ಲಿರುವುದು ಬೂಟ್ ಸ್ಪ್ಲ್ಯಾಶ್, ಅಂದರೆ ಪ್ಲಿಮತ್‌ನ ಸರದಿ ಮಾತ್ರ. ಅದನ್ನು ಬದಲಿಸುವುದು ಹತ್ತು ನಿಮಿಷದ ಮಾತು. ಒಂದು ಸರದಿಯಿಂದ ಇನ್ನೊಂದಕ್ಕೆ ದಾಟುವ ಜಾಗವನ್ನು ಸರಿಮಾಡದಿದ್ದರೆ ಎಂಥ ಚಿತ್ರ ಹಾಕಿದರೂ ಯಂತ್ರ ಕೆಟ್ಟಿದೆಯೇನೋ ಅನ್ನಿಸುವ ಹಾಗೇ ಕಾಣುತ್ತದೆ.

ಇಲ್ಲಿ ಇಟ್ಟುಕೊಂಡಿರುವುದು ಡೆಬಿಯನ್ 12, ಇಂಟೆಲ್ ಎನ್100 ಮಿನಿ ಪಿಸಿ, ಎಚ್‌ಡಿಎಂಐ ಟಿವಿ, ಡೆಸ್ಕ್‌ಟಾಪ್ ಇಲ್ಲದೆ ನೇರವಾಗಿ ಏಳುವ ಕೋಡಿ. ಉಬುಂಟುವಿನಲ್ಲೂ ಹೆಚ್ಚುಕಡಿಮೆ ಇದೇ ದಾರಿ. ಆದೇಶಗಳನ್ನು ಕನ್ನಡದಲ್ಲಿ ಓದುವ ಹಾಗೆ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

ಮೊದಲ ಲೋಗೋ ಬೋರ್ಡ್‌ನ ಫರ್ಮ್‌ವೇರ್‌ನೊಳಗೆ ಇರುತ್ತದೆ. ಬಯಾಸ್ ಸೆಟಪ್‌ನಲ್ಲಿ "ಫುಲ್ ಸ್ಕ್ರೀನ್ ಲೋಗೋ" ಅಥವಾ "ಕ್ವಾಯಟ್ ಬೂಟ್" ಎಂಬ ಆಯ್ಕೆ ಸಿಕ್ಕರೆ ಲೋಗೋ ಬೇಕೋ ಬೇಡವೋ ಅಲ್ಲೇ ಆಯ್ದು ಆ ಕೆಲಸ ಮುಗಿಸಿ. ಲೋಗೋ ಬದಲಿಸಲೆಂದು ಫರ್ಮ್‌ವೇರ್ ಬಿಚ್ಚಿ ಮತ್ತೆ ಫ್ಲ್ಯಾಶ್ ಮಾಡುವ ಸಲಹೆಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಒಂದು ಚಿತ್ರಕ್ಕಾಗಿ ಇಡೀ ಬೋರ್ಡ್ ಕಳೆದುಕೊಳ್ಳುವ ವ್ಯವಹಾರ ಅದು, ಬೇಡ. ಲೋಗೋ ಚಿತ್ರವನ್ನು ಓದುವ ಫರ್ಮ್‌ವೇರ್ ಭಾಗದಲ್ಲೇ ಭದ್ರತಾ ದೋಷಗಳಿರುವುದು 2023ರ ಡಿಸೆಂಬರ್‌ನಲ್ಲಿ ಲೋಗೋಫೇಲ್ ಹೆಸರಿನಲ್ಲಿ ಬಯಲಾಗಿದೆ. ಕೈ ಹಾಕದಿರಲು ಅದೂ ಒಂದು ಕಾರಣ.

ಗ್ರಬ್‌ಗೆ ಬನ್ನಿ. ಈಟಿಸಿ ಫೋಲ್ಡರಿನ ಡಿಫಾಲ್ಟ್‌ನಲ್ಲಿರುವ ಗ್ರಬ್ ಫೈಲಿನಲ್ಲಿ ಟೈಮ್‌ಔಟ್ ಸ್ಟೈಲ್ ಅನ್ನು ಹಿಡನ್ ಮಾಡಿ, ಟೈಮ್‌ಔಟ್ 1 ಇಡಿ. ಸೊನ್ನೆ ಇಟ್ಟರೆ ಮುಂದೊಂದು ದಿನ ಹಳೆಯ ಕರ್ನಲ್‌ಗೆ ಹೋಗಬೇಕಾದಾಗ ಎಸ್ಕೇಪ್ ಕೀ ಒತ್ತಲು ಸಮಯವೇ ಸಿಗುವುದಿಲ್ಲ. ಜಿಎಫ್‌ಎಕ್ಸ್‌ಮೋಡ್ 1920x1080, ಜಿಎಫ್‌ಎಕ್ಸ್‌ಪೇಲೋಡ್‌ಗೆ ಕೀಪ್. ಈ ಕೀಪ್ ಇಲ್ಲದಿದ್ದರೆ ಗ್ರಬ್‌ನಿಂದ ಕರ್ನಲ್‌ಗೆ ದಾಟುವಾಗ ಪರದೆ ಮೋಡ್ ಬದಲಿಸುವ ಸಂಭವವಿದೆ, ಆಗ ಟಿವಿ "ಸಿಗ್ನಲ್ ಇಲ್ಲ" ಎನ್ನುತ್ತದೆ. ಉಬುಂಟುವಿನಲ್ಲಿ ಇನ್ನೊಂದು ಸಾಲು ಬೇಕು: ಗ್ರಬ್ ರೆಕಾರ್ಡ್‌ಫೇಲ್ ಟೈಮ್‌ಔಟ್. ಬೂಟ್ ಅರ್ಧದಲ್ಲಿದ್ದಾಗ ಕರೆಂಟ್ ಹೋದರೆ ಮುಂದಿನ ಸಲ ಗ್ರಬ್ ಮೆನು ತೋರಿಸಿ 30 ಸೆಕೆಂಡ್ ಕಾಯುತ್ತದೆ. ಕರೆಂಟ್ ಬಂದು ಹೋಗಿ ಆಡುವ ಊರುಗಳಿಂದ "ಕೀಬೋರ್ಡ್ ಇಲ್ಲ, ಏನೋ ಪಟ್ಟಿ ಬಂದು ನಿಂತಿದೆ" ಎಂಬ ಫೋನ್ ಬರುವುದು ಇದರಿಂದಲೇ. ಅದನ್ನು 2ಕ್ಕೆ ಇಳಿಸಿ.

ಅದೇ ಫೈಲಿನ ಕರ್ನಲ್ ಸಾಲಿನಲ್ಲಿ ಎಲ್ಲರೂ "ಕ್ವಾಯಟ್ ಸ್ಪ್ಲ್ಯಾಶ್" ಹಾಕಿ ಸುಮ್ಮನಾಗುತ್ತಾರೆ. ಕ್ವಾಯಟ್ ಇದ್ದರೆ ಕನ್ಸೋಲ್ ಮಟ್ಟ 4 ಆಗುತ್ತದೆ, ಅಂದರೆ 4ಕ್ಕಿಂತ ಕೆಳಗಿನವು ಪರದೆಗೆ ಬರುತ್ತವೆ. ಎರರ್ ಸಂದೇಶಗಳ ಮಟ್ಟ 3. ಅಗ್ಗದ ಮಿನಿ ಪಿಸಿಗಳ ಎಸಿಪಿಐ ಕೋಷ್ಟಕಗಳಲ್ಲಿ (ಹಾರ್ಡ್‌ವೇರ್ ವಿವರವನ್ನು ಕರ್ನಲ್‌ಗೆ ಹೇಳುವ ಫರ್ಮ್‌ವೇರ್ ಪಟ್ಟಿಗಳು) ತಪ್ಪುಗಳಿಗೆ ಬರವಿಲ್ಲ, ಹಾಗಾಗಿ "ಎಸಿಪಿಐ ಬಯಾಸ್ ಎರರ್" ಎಂಬ ನಾಲ್ಕೈದು ಸಾಲು ಕಪ್ಪು ಪರದೆಯ ಮೇಲೆ ಬಂದೇ ಬರುತ್ತವೆ. "ಲಾಗ್‌ಲೆವೆಲ್=3" ಸೇರಿಸಿದರೆ ನಿಲ್ಲುತ್ತವೆ. ಮಿಟುಕುವ ಕರ್ಸರ್‌ಗೆ "ವಿಟಿ.ಗ್ಲೋಬಲ್_ಕರ್ಸರ್_ಡಿಫಾಲ್ಟ್=0". ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯ ಓಕೆ ಸಾಲುಗಳಿಗೆ "ಸಿಸ್ಟಮ್‌ಡಿ.ಶೋ_ಸ್ಟೇಟಸ್=ಫಾಲ್ಸ್". ಇಷ್ಟು ಬರೆದು ಅಪ್ಡೇಟ್-ಗ್ರಬ್ ಓಡಿಸಿ. ಯಂತ್ರಕ್ಕೆ ಇನ್ನೊಂದು ಕಂಪ್ಯೂಟರಿನಿಂದ ಒಳಹೊಗುವ ಎಸ್‌ಎಸ್‌ಎಚ್ ದಾರಿ ಇದೆಯೇ ಎಂದು ನೋಡಿಕೊಳ್ಳದೆ ಈ ಸಾಲುಗಳನ್ನು ಹಾಕಬೇಡಿ. ಬಾಯಿ ಮುಚ್ಚಿಸಿದ ಯಂತ್ರ ಕೆಟ್ಟಾಗಲೂ ಏನೂ ಹೇಳುವುದಿಲ್ಲ.

ಇನ್ನು ಪ್ಲಿಮತ್. ಅದನ್ನೂ ಪ್ಲಿಮತ್-ಥೀಮ್ಸ್ ಪ್ಯಾಕೇಜನ್ನೂ ಇನ್‌ಸ್ಟಾಲ್ ಮಾಡಿ. ಯುಎಸ್‌ಆರ್, ಶೇರ್, ಪ್ಲಿಮತ್, ಥೀಮ್ಸ್ ಈ ದಾರಿಯಲ್ಲಿ ಹೊಸ ಫೋಲ್ಡರ್ ಮಾಡಿ, "ಮನೆ" ಎಂದಿಟ್ಟುಕೊಳ್ಳಿ. ಒಳಗೆ ಮೂರು ಫೈಲ್ ಸಾಕು: ಮನೆ.ಪ್ಲಿಮತ್, ಮನೆ.ಸ್ಕ್ರಿಪ್ಟ್, ಒಂದು ಪಿಎನ್‌ಜಿ ಚಿತ್ರ. ಫೋಲ್ಡರ್ ಹೆಸರೂ ಪ್ಲಿಮತ್ ಫೈಲಿನ ಹೆಸರೂ ಒಂದೇ ಇರಬೇಕು. ಪ್ಲಿಮತ್ ಫೈಲಿನಲ್ಲಿ ಮಾಡ್ಯೂಲ್‌ನೇಮ್ ಸ್ಕ್ರಿಪ್ಟ್, ಅದರ ಕೆಳಗೆ ಇಮೇಜ್‌ಡಿರ್ ಮತ್ತು ಸ್ಕ್ರಿಪ್ಟ್‌ಫೈಲ್ ಎಂಬ ಎರಡು ಪೂರ್ಣ ಪಾತ್. ಹಳೆಯ ಥೀಮ್ ಕಾಪಿ ಮಾಡಿಕೊಂಡು ಶುರು ಮಾಡುವವರು ಎಡವುವುದು ಇಲ್ಲೇ. ಇಮೇಜ್‌ಡಿರ್ ಹಳೆಯ ಫೋಲ್ಡರನ್ನೇ ತೋರಿಸುತ್ತಿರುತ್ತದೆ, ಹೊಸ ಚಿತ್ರ ಎಷ್ಟು ಸಲ ಹಾಕಿದರೂ ಹಳೆಯದೇ ಬರುತ್ತದೆ.

ಸ್ಕ್ರಿಪ್ಟ್‌ನಲ್ಲಿ ಹಿನ್ನೆಲೆ ಬಣ್ಣಕ್ಕೆ ಎರಡು ಸಾಲು (ಮೇಲಿನ ಬಣ್ಣ, ಕೆಳಗಿನ ಬಣ್ಣ), ಚಿತ್ರ ಓದಲು ಒಂದು, ಅದನ್ನು ಪರದೆಯ ಮೇಲಿಡುವ ಸ್ಪ್ರೈಟ್ ಮಾಡಲು ಒಂದು, ಮಧ್ಯಕ್ಕೆ ತರಲು ಎರಡು. ವಿಂಡೋ ಅಗಲದ ಅರ್ಧದಿಂದ ಚಿತ್ರದ ಅಗಲದ ಅರ್ಧ ಕಳೆದರೆ ಎಕ್ಸ್, ಎತ್ತರಕ್ಕೂ ಹಾಗೇ. 1920 ಎಂದು ನೇರ ಸಂಖ್ಯೆ ಬರೆದರೆ 4ಕೆ ಟಿವಿಗೆ ಹಾಕಿದ ದಿನ ಚಿತ್ರ ಮೇಲಿನ ಎಡಮೂಲೆಗೆ ಹೋಗಿ ಕೂರುತ್ತದೆ. ಹಿನ್ನೆಲೆಗೆ ನಮ್ಮ ಮತ ಅಪ್ಪಟ ಕಪ್ಪಿಗೇ. ಸರದಿಗಳ ನಡುವೆ ಉಳಿಯುವ ಸಣ್ಣ ಕತ್ತಲೆ ಕಪ್ಪು ಹಿನ್ನೆಲೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ, ನೀಲಿ ಹಿನ್ನೆಲೆಯಾದರೆ ಪ್ರತಿಯೊಂದೂ ಎದ್ದು ಕಾಣುತ್ತದೆ. ಕೆಲವು ಟಿವಿಗಳು ಓವರ್‌ಸ್ಕ್ಯಾನ್‌ನಲ್ಲಿ ಅಂಚು ಕತ್ತರಿಸುವುದರಿಂದ ನಾಲ್ಕೂ ಕಡೆ ಶೇ. 5ರಷ್ಟು ಜಾಗ ಖಾಲಿ ಬಿಡಿ.

ತಿರುಗುವ ಚಕ್ರ, ಉರಿಯುವ ದೀಪದಂಥ ಅನಿಮೇಷನ್ ಬೇಕೆನ್ನುವವರು ಲೆಕ್ಕ ನೋಡಬೇಕು. ಪಿಎನ್‌ಜಿ ಡಿಸ್ಕಿನಲ್ಲಿ ಎಷ್ಟೇ ಚಿಕ್ಕದಿರಲಿ, ಬಿಚ್ಚಿದಾಗ ಪ್ರತಿ ಪಿಕ್ಸೆಲ್‌ಗೆ 4 ಬೈಟ್. 1920x1080ರ ಒಂದು ಫ್ರೇಮ್ ಸುಮಾರು 8.3 ಎಂಬಿ, 60 ಫ್ರೇಮ್ ಆದರೆ 500 ಎಂಬಿ ಹತ್ತಿರ. ಅದನ್ನೆಲ್ಲ ಬಿಚ್ಚುವಷ್ಟರಲ್ಲಿ ಬೂಟ್ ಮುಗಿದಿರುತ್ತದೆ. ಅಲುಗಾಡುವ ಭಾಗವನ್ನು ಮಾತ್ರ 200x200ಕ್ಕೆ ಕತ್ತರಿಸಿಕೊಂಡರೆ ಅದೇ 60 ಫ್ರೇಮ್ 9.6 ಎಂಬಿಯಲ್ಲಿ ಮುಗಿಯುತ್ತದೆ. ಪ್ಲಿಮತ್ ರಿಫ್ರೆಶ್ ಫಂಕ್ಷನ್ನನ್ನು ಸೆಕೆಂಡಿಗೆ ಸುಮಾರು 50 ಸಲ ಕರೆಯುತ್ತದೆ, ಆದ್ದರಿಂದ ಎರಡು ಕರೆಗೆ ಒಮ್ಮೆ ಫ್ರೇಮ್ ಬದಲಿಸಿದರೆ ನೋಡಲು ಹಿತ.

ಕನ್ನಡ ಅಕ್ಷರ ಬೇಕಿದ್ದರೆ ಸ್ಕ್ರಿಪ್ಟ್‌ನ ಇಮೇಜ್.ಟೆಕ್ಸ್ಟ್ ನಂಬಬೇಡಿ. ಆ ಹಂತದಲ್ಲಿ ಯಂತ್ರದ ಬಳಿ ಇರುವುದು ಇನಿಟ್‌ರಾಮ್‌ಎಫ್‌ಎಸ್ ಎಂಬ, ಬೂಟ್‌ನ ಆರಂಭಕ್ಕೆ ಬೇಕಾದ ಫೈಲುಗಳ ಸಣ್ಣ ಗಂಟು ಮಾತ್ರ. ಅದರೊಳಗೆ ಕನ್ನಡ ಫಾಂಟ್ ತಾನಾಗಿ ಬಂದಿರುವುದಿಲ್ಲ. ಫಾಂಟ್ ತುರುಕಿದರೂ ಒತ್ತಕ್ಷರ ಜೋಡಿಸುವ ಲೈಬ್ರರಿ ಇಲ್ಲದಿದ್ದರೆ "ಸುಸ್ವಾಗತ"ದ ವ ಒತ್ತು ಕೆಳಗಿಳಿಯದೆ ಸ, ವಿರಾಮ ಚಿಹ್ನೆ, ವಾ ಎಂದು ಬಿಡಿಬಿಡಿಯಾಗಿ ನಿಲ್ಲುತ್ತದೆ. ಇಂಕ್‌ಸ್ಕೇಪ್‌ನಲ್ಲಿ ನೋಟೋ ಸಾನ್ಸ್ ಕನ್ನಡದಲ್ಲಿ ಬರೆದು ಪಿಎನ್‌ಜಿಯಾಗಿ ಎಕ್ಸ್‌ಪೋರ್ಟ್ ಮಾಡಿಬಿಡಿ, ತಲೆನೋವಿಲ್ಲ.

ಥೀಮ್ ಜಾರಿಗೆ "ಪ್ಲಿಮತ್-ಸೆಟ್-ಡಿಫಾಲ್ಟ್-ಥೀಮ್ -ಆರ್ ಮನೆ" ಹೊಡೆಯಬೇಕು. ಆ ದೊಡ್ಡ ಆರ್ ಮರೆತರೆ ಹೆಸರು ಬದಲಾಗುತ್ತದೆ, ಚಿತ್ರ ಬದಲಾಗುವುದಿಲ್ಲ; ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟುವುದು ಅದೇ. ಉಬುಂಟುವಿನಲ್ಲಿ ಅಪ್ಡೇಟ್-ಆಲ್ಟರ್ನೇಟಿವ್ಸ್ ಮೂಲಕ ಡಿಫಾಲ್ಟ್.ಪ್ಲಿಮತ್ ಆಯ್ದು, ಅಪ್ಡೇಟ್-ಇನಿಟ್‌ರಾಮ್‌ಎಫ್‌ಎಸ್ ಅನ್ನು ಯು ಆಯ್ಕೆಯೊಂದಿಗೆ ಓಡಿಸಬೇಕು. ಮುಂದೆ ಚಿತ್ರದಲ್ಲಿ ಒಂದು ಚುಕ್ಕೆ ಬದಲಿಸಿದರೂ ಮತ್ತೆ ಕಟ್ಟಲೇಬೇಕು. ಚಿತ್ರ ನಿಜವಾಗಿ ಒಳಗೆ ಹೋಗಿದೆಯೇ ಎಂದು ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್ ಪಟ್ಟಿಯಲ್ಲಿ ಹುಡುಕಿ ನೋಡುವುದು ನಮ್ಮಲ್ಲಿ ರೂಢಿ. ಬೂಟ್ ಪಾರ್ಟಿಶನ್ ಪ್ರತ್ಯೇಕವಾಗಿ ಚಿಕ್ಕದಿದ್ದರೆ ಅದರಲ್ಲಿ ಉಳಿದ ಜಾಗವನ್ನೂ ನೋಡಿ, ಏಕೆಂದರೆ ಪ್ರತಿ ಕರ್ನಲ್‌ಗೂ ಒಂದೊಂದು ಗಂಟು.

ಎಲ್ಲ ಸರಿಯಿದ್ದೂ ಚಿತ್ರ ಬಾರದಿದ್ದರೆ ಬಹುಪಾಲು ಗ್ರಾಫಿಕ್ಸ್ ಡ್ರೈವರ್ ತಡವಾಗಿ ಎದ್ದಿರುತ್ತದೆ. ಪ್ಲಿಮತ್ ಡಿಆರ್‌ಎಂ (ಕರ್ನಲ್‌ನ ಗ್ರಾಫಿಕ್ಸ್ ವ್ಯವಸ್ಥೆ) ಸಾಧನಕ್ಕಾಗಿ ಡಿವೈಸ್‌ಟೈಮ್‌ಔಟ್‌ನಷ್ಟು ಹೊತ್ತು ಕಾಯುತ್ತದೆ, ಮೂಲ ಸೆಟ್ಟಿಂಗ್‌ನಲ್ಲಿ ಅದು 8 ಸೆಕೆಂಡ್. ಎಸ್‌ಎಸ್‌ಡಿ ಇರುವ ಯಂತ್ರ ಅಷ್ಟರೊಳಗೆ ಕೋಡಿಗೇ ಬಂದು ನಿಂತಿರುತ್ತದೆ. ಈಟಿಸಿಯ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಫೋಲ್ಡರಿನ ಮಾಡ್ಯೂಲ್ಸ್ ಫೈಲಿನಲ್ಲಿ "ಐ915" ಎಂದು ಒಂದು ಸಾಲು ಬರೆದರೆ ಡ್ರೈವರ್ ಮೊದಲೇ ಏಳುತ್ತದೆ. ಎಎಂಡಿಗೆ "ಎಎಂಡಿಜಿಪಿಯು". ಎನ್‌ವಿಡಿಯಾದ ಸ್ವಂತ ಡ್ರೈವರ್‌ಗೆ ಕರ್ನಲ್ ಸಾಲಿನಲ್ಲಿ "ಎನ್‌ವಿಡಿಯಾ-ಡಿಆರ್‌ಎಂ.ಮೋಡ್‌ಸೆಟ್=1" ಕೂಡ ಬೇಕು. ಜೊತೆಗೆ ಪ್ಲಿಮತ್‌ಡಿ.ಕಾನ್ಫ್ ಫೈಲಿನಲ್ಲಿ ಶೋಡಿಲೇ ಸೊನ್ನೆ ಇದೆಯೇ ನೋಡಿ.

ಟಿವಿ ಆಫ್ ಇರುವಾಗ ಪಿಸಿ ಆನ್ ಆದರೆ ಬೇರೆ ಗೋಳು. ಟಿವಿಯಿಂದ ಇಡಿಐಡಿ ಮಾಹಿತಿ (ತಾನು ಯಾವ ಅಳತೆ ತೋರಿಸಬಲ್ಲೆ ಎಂಬ ವಿವರ) ಸಿಗದೆ ಕರ್ನಲ್ ಆ ಪೋರ್ಟನ್ನೇ ಖಾಲಿ ಎಂದುಕೊಳ್ಳಬಹುದು. "ವಿಡಿಯೋ=ಎಚ್‌ಡಿಎಂಐ-ಎ-1:1920x1080@60ಡಿ" ಎಂದು ಕರ್ನಲ್ ಸಾಲಿಗೆ ಸೇರಿಸಿ. ಕೊನೆಯ ದೊಡ್ಡ ಡಿ ಅಕ್ಷರ ಡಿಜಿಟಲ್ ಔಟ್‌ಪುಟ್ ಅನ್ನು ಒತ್ತಾಯವಾಗಿ ಆನ್ ಇಡುತ್ತದೆ; ಚಿಕ್ಕ ಡಿ ಹೊಡೆದರೆ ಪೋರ್ಟ್ ಆಫ್ ಆಗುತ್ತದೆ. ಪೋರ್ಟ್ ಹೆಸರನ್ನು ಊಹಿಸಬೇಡಿ. ಸಿಸ್, ಕ್ಲಾಸ್, ಡಿಆರ್‌ಎಂ ಫೋಲ್ಡರಿನಲ್ಲಿ ನೋಡಿ ಬರೆಯಿರಿ, ಎರಡು ಪೋರ್ಟ್ ಇರುವ ಮಿನಿ ಪಿಸಿಯಲ್ಲಿ ಟಿವಿ ಇರುವುದು ಎರಡನೆಯದರಲ್ಲಿರಬಹುದು.

ಪ್ಲಿಮತ್‌ನಿಂದ ಕೋಡಿಗೆ ದಾಟುವ ಕೊನೆಯ ಜಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಕಿರಿಕಿರಿ. ಡೆಸ್ಕ್‌ಟಾಪ್ ಇಲ್ಲದೆ ಜಿಬಿಎಂ (ಪರದೆಗೆ ನೇರವಾಗಿ ಚಿತ್ರ ಕಳಿಸುವ ದಾರಿ) ಮೇಲೆ ಓಡುವ ಕೋಡಿ ಪರದೆಯ ಒಡೆತನವನ್ನು ತಾನೇ ಹಿಡಿಯಬೇಕು, ಅಂದರೆ ಡಿಆರ್‌ಎಂ ಮಾಸ್ಟರ್ ಆಗಬೇಕು. ಪ್ಲಿಮತ್ ಇನ್ನೂ ಬಿಟ್ಟಿರದಿದ್ದರೆ ಕೋಡಿ ಏಳದೆ ಬೀಳುತ್ತದೆ. ಪ್ಲಿಮತ್ ಬೇಗ ಬಿಟ್ಟರೆ ನಡುವೆ ಕನ್ಸೋಲ್ ಇಣುಕುತ್ತದೆ. ಪರಿಹಾರ ಎಂದರೆ ಪ್ಲಿಮತ್ ಹೋಗುವಾಗ ಚಿತ್ರವನ್ನು ಅಲ್ಲೇ ಬಿಟ್ಟು ಹೋಗುವಂತೆ ಮಾಡುವುದು. "ಸಿಸ್ಟಮ್‌ಸಿಟಿಎಲ್ ಎಡಿಟ್ ಪ್ಲಿಮತ್-ಕ್ವಿಟ್.ಸರ್ವಿಸ್" ತೆರೆದು ಸರ್ವಿಸ್ ವಿಭಾಗದಲ್ಲಿ ಮೊದಲು ಖಾಲಿ ಎಕ್ಸೆಕ್‌ಸ್ಟಾರ್ಟ್ ಸಾಲು, ಅದರ ಕೆಳಗೆ "ಪ್ಲಿಮತ್ ಕ್ವಿಟ್ --ರಿಟೇನ್-ಸ್ಪ್ಲ್ಯಾಶ್" ಇರುವ ಎಕ್ಸೆಕ್‌ಸ್ಟಾರ್ಟ್ ಬರೆಯಿರಿ. ಆ ಖಾಲಿ ಎಕ್ಸೆಕ್‌ಸ್ಟಾರ್ಟ್ ಸಾಲು ಬರೆಯದಿದ್ದರೆ ಹಳೆಯ ಆದೇಶವೂ ಓಡುತ್ತದೆ, ಅದು ಪರದೆ ಒರೆಸಿಯೇ ಹೋಗುತ್ತದೆ. ಕೋಡಿಯ ಸರ್ವಿಸ್ ಫೈಲಿನಲ್ಲಿ "ಆಫ್ಟರ್=ಪ್ಲಿಮತ್-ಕ್ವಿಟ್.ಸರ್ವಿಸ್" ಇರಲಿ. ಟಿಟಿವೈ1ರಲ್ಲಿ (ಮೊದಲ ಕನ್ಸೋಲ್) ಲಾಗಿನ್ ಕೇಳುವ ಗೆಟ್ಟಿಯನ್ನು ಡಿಸೇಬಲ್ ಮಾಡಿ, ಇಲ್ಲದಿದ್ದರೆ ಲಾಗಿನ್ ಸಾಲು ಒಂದು ಕ್ಷಣ ಮಿಂಚಿ ಹೋಗುತ್ತದೆ.

ಆಮೇಲೆ ಕೋಡಿಯದೇ ಸ್ಪ್ಲ್ಯಾಶ್ ಬರುತ್ತದೆ. ಕೋಡಿ ಬಳಕೆದಾರನ ಹೋಮ್‌ನಲ್ಲಿ .ಕೋಡಿ ಫೋಲ್ಡರಿನೊಳಗೆ ಮೀಡಿಯಾ ಎಂಬ ಫೋಲ್ಡರಿಗೆ ಅದೇ ಚಿತ್ರವನ್ನು ಸ್ಪ್ಲ್ಯಾಶ್.ಜೆಪಿಜಿ ಅಥವಾ ಪಿಎನ್‌ಜಿ ಹೆಸರಿನಲ್ಲಿ ಹಾಕಿ. ಅಳತೆ 1920x1080, ಲೋಗೋ ಇರುವ ಜಾಗ ಪಿಕ್ಸೆಲ್ ಲೆಕ್ಕದಲ್ಲಿ ಪ್ಲಿಮತ್‌ನದಕ್ಕೆ ಹೊಂದಬೇಕು. ಒಂದೆರಡು ಪಿಕ್ಸೆಲ್ ಆಚೀಚೆ ಇದ್ದರೂ ಲೋಗೋ ಕುಪ್ಪಳಿಸುವುದು ಕಾಣುತ್ತದೆ. ಸ್ಪ್ಲ್ಯಾಶ್ ಬೇಡವೆಂದರೆ ಅಡ್ವಾನ್ಸ್‌ಡ್‌ಸೆಟ್ಟಿಂಗ್ಸ್ ಫೈಲಿನಲ್ಲಿ ಅದನ್ನು ಫಾಲ್ಸ್ ಮಾಡಬಹುದು. ಕೋಡಿಯ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರೆಸಲ್ಯೂಶನ್ ಮತ್ತು ರಿಫ್ರೆಶ್ ದರ ಕರ್ನಲ್ ಸಾಲಿನಲ್ಲಿ ಕೊಟ್ಟಿದ್ದೇ ಇರಲಿ. 60ರಿಂದ 50 ಹರ್ಟ್ಸ್‌ಗೆ ಹಾರಿದರೂ ಟಿವಿ ಹೊಸದಾಗಿ ಹೊಂದಿಸಿಕೊಳ್ಳಲು ಒಂದೆರಡು ಸೆಕೆಂಡ್ ಕಪ್ಪಾಗುತ್ತದೆ. ಆ ಕತ್ತಲೆಗೆ ಪ್ಲಿಮತ್‌ನಲ್ಲಿ ಮದ್ದಿಲ್ಲ.

ರಾಸ್ಪ್‌ಬೆರಿ ಪೈನಲ್ಲಿ ಗ್ರಬ್ ಇಲ್ಲ. ಕಾಮನಬಿಲ್ಲಿನ ಚೌಕ ತೆಗೆಯಲು ಕಾನ್ಫಿಗ್.ಟಿಎಕ್ಸ್‌ಟಿಯಲ್ಲಿ "ಡಿಸೇಬಲ್_ಸ್ಪ್ಲ್ಯಾಶ್=1" ಸಾಕು. ಕರ್ನಲ್ ಆಯ್ಕೆಗಳೆಲ್ಲ ಸಿಎಂಡಿಲೈನ್.ಟಿಎಕ್ಸ್‌ಟಿಯಲ್ಲಿ ಒಂದೇ ಸಾಲಿನಲ್ಲಿರಬೇಕು. ನಡುವೆ ಎಂಟರ್ ಒತ್ತಿದರೆ ಅದರ ಮುಂದಿನದು ಲೆಕ್ಕಕ್ಕಿಲ್ಲ. ಬುಕ್‌ವರ್ಮ್‌ನಿಂದ (ಡೆಬಿಯನ್ 12ರ ಹೆಸರು) ಈ ಎರಡೂ ಫೈಲು ಬೂಟ್ ಫೋಲ್ಡರಿನ ಫರ್ಮ್‌ವೇರ್ ಒಳಗೆ ಹೋಗಿವೆ.

ಕೋಡಿಗಾಗಿಯೇ ಕಟ್ಟಿದ ಲಿನಕ್ಸ್ ಆದ ಲಿಬ್ರೆಎಲೆಕ್ ಬಳಸುವವರಿಗೆ ಇಷ್ಟೆಲ್ಲ ರಗಳೆ ಇಲ್ಲ. ಎಸ್‌ಎಸ್‌ಎಚ್‌ನಲ್ಲಿ ಒಳಹೊಕ್ಕು ಫ್ಲ್ಯಾಶ್ ಪಾರ್ಟಿಶನ್ನನ್ನು "ಮೌಂಟ್ -ಓ ರಿಮೌಂಟ್,ಆರ್‌ಡಬ್ಲ್ಯೂ" ಮಾಡಿ, ಚಿತ್ರವನ್ನು ಓಇಎಂಸ್ಪ್ಲ್ಯಾಶ್.ಪಿಎನ್‌ಜಿ ಹೆಸರಿನಲ್ಲಿ ಇಟ್ಟು, ಮತ್ತೆ ಓದಲು-ಮಾತ್ರ ಸ್ಥಿತಿಗೆ ತನ್ನಿ. ಅಪ್ಡೇಟ್ ಬದಲಿಸುವುದು ಕರ್ನಲ್ ಮತ್ತು ಸಿಸ್ಟಮ್ ಫೈಲುಗಳನ್ನು, ಹಾಗಾಗಿ ಚಿತ್ರ ಉಳಿಯುತ್ತದೆ.

ಡೆಬಿಯನ್‌ನಲ್ಲಿ ಸ್ಕ್ರಿಪ್ಟ್ ತಪ್ಪಿದ್ದರೆ ಪ್ಲಿಮತ್ ಬರೀ ಕಪ್ಪು ತೋರಿಸಿ ಸುಮ್ಮನಿರುತ್ತದೆ. ಆಗ ಗ್ರಬ್‌ನಲ್ಲಿ ಕರ್ನಲ್ ಸಾಲಿಗೆ "ಪ್ಲಿಮತ್.ಡೀಬಗ್" ಸೇರಿಸಿ ಬೂಟ್ ಮಾಡಿ. ವಾರ್, ಲಾಗ್ ಒಳಗಿನ ಪ್ಲಿಮತ್-ಡೀಬಗ್.ಲಾಗ್ ತೆರೆದರೆ ಯಾವ ಥೀಮ್ ಹುಡುಕಿತು, ಯಾವ ಡಿಸ್‌ಪ್ಲೇ ಸಿಕ್ಕಿತು, ಎಷ್ಟು ಹೊತ್ತಿಗೆ ಸಿಕ್ಕಿತು ಎಲ್ಲವೂ ಸಿಗುತ್ತದೆ. ಚಿತ್ರ ಇರುವಾಗಲೇ ಒಳಗೆ ಏನು ನಡೆಯುತ್ತಿದೆ ನೋಡಬೇಕಿದ್ದರೆ ಎಸ್ಕೇಪ್ ಒತ್ತಿ.