ಕೊಲೋನಿನ ಚಳಿ, ನೀರ್ಚಾಲಿನ ಪ್ರಶ್ನೆಗಳು

ಊರಿನಿಂದ ಫೋನ್ ಮಾಡುವವರೆಲ್ಲ ಮೊದಲು ಕೇಳುವುದು, "ಅಲ್ಲಿ ಚಳಿ ಹೇಗುಂಟು?" ಹೊರಗೆ ಐದು ಡಿಗ್ರಿ, ಕೆಲಸದ ಜಾಗದಲ್ಲಿ ಮೈನಸ್ 163 ಎಂದರೆ ಕಾಸರಗೋಡಿನ ಕಡೆಯ ನಮ್ಮೂರು ನೀರ್ಚಾಲಿನ ಅಪ್ಪಚ್ಚಿ, "ಸುಮ್ಮನೆ ಇರು ಮಾರಾಯ" ಎನ್ನುತ್ತಾರೆ. ಸುಳ್ಳಲ್ಲ. ಜರ್ಮನಿಯ ಕೊಲೋನಿನಲ್ಲಿರುವ ಯುರೋಪಿಯನ್ ಟ್ರಾನ್ಸಾನಿಕ್ ವಿಂಡ್ ಟನೆಲ್‌ನಲ್ಲಿ ವಿಮಾನದ ಮಾದರಿಗಳ ಮೇಲೆ ಬೀಸುವುದು ಬರೀ ಗಾಳಿಯಲ್ಲ, ದ್ರವ ಸಾರಜನಕ ಸಿಂಪಡಿಸಿ ಅಷ್ಟು ತಣಿಸಿದ ಸಾರಜನಕ.

ಪರೀಕ್ಷೆಯ ಕೋಣೆ 2.4 ಮೀಟರ್ ಅಗಲ, 2 ಮೀಟರ್ ಎತ್ತರ. ಅದರೊಳಗೆ ಹಿಡಿಸುವ ಪುಟ್ಟ ಮಾದರಿಯ ರೆಕ್ಕೆಯ ಮೇಲೆ ಗಾಳಿ ಹರಿಯುವ ರೀತಿಯೇ ಬೇರೆ. ಅದನ್ನು ನಂಬಿ ದೊಡ್ಡ ವಿಮಾನ ಕಟ್ಟಲಾಗದು. ಅನಿಲವನ್ನು ತಣಿಸಿದರೆ ಸಾಂದ್ರತೆ ಏರುತ್ತದೆ, ಸ್ನಿಗ್ಧತೆ (ಅಂಟುತನ) ಇಳಿಯುತ್ತದೆ. ಒತ್ತಡವನ್ನೂ 4.5 ಬಾರ್ ತನಕ ಏರಿಸಿದರೆ, ಹರಿವಿನ ರೀತಿಯನ್ನು ಸೂಚಿಸುವ ರೆನಾಲ್ಡ್ಸ್ ಸಂಖ್ಯೆ ನಿಜವಾದ ಹಾರಾಟದ ಮಟ್ಟಕ್ಕೆ ಬರುತ್ತದೆ.

ವಿನ್ಯಾಸದವರಿಗೆ ವರವಾದ ಈ ಚಳಿ, ಅಳೆಯುವ ಸಲಕರಣೆಗಳನ್ನು ನೋಡಿಕೊಳ್ಳುವ ನಮ್ಮಂಥ ಇನ್‌ಸ್ಟ್ರುಮೆಂಟೇಶನ್‌ನವರಿಗೆ ತಲೆನೋವು. ಮಾದರಿಯ ಹೊಟ್ಟೆಯೊಳಗೆ ಬ್ಯಾಲೆನ್ಸ್ ಎಂಬ ಲೋಹದ ತುಂಡು ಇರುತ್ತದೆ; ಗಾಳಿ ಎತ್ತಿದ್ದೆಷ್ಟು, ಹಿಂದಕ್ಕೆ ಎಳೆದದ್ದೆಷ್ಟು, ತಿರುಚಿದ್ದೆಷ್ಟು ಎಂದು ಹೇಳುವುದು ಅದೇ. ಅದರ ಮೈಮೇಲೆ, ಲೋಹದ ಹಿಗ್ಗು-ಕುಗ್ಗನ್ನು ವಿದ್ಯುತ್ ರೋಧದ ಬದಲಾವಣೆಯಾಗಿ ತೋರಿಸುವ, ಉಗುರಿಗಿಂತ ಚಿಕ್ಕ ಸ್ಟ್ರೇನ್ ಗೇಜ್‌ಗಳು. 350 ಓಮ್‌ನ ಗೇಜ್ ಸಾವಿರದಲ್ಲಿ ಒಂದು ಪಾಲು ಹಿಗ್ಗಿದರೆ ರೋಧ ಏರುವುದು ಸುಮಾರು 0.7 ಓಮ್. ಕೈಗೆ ಸಿಗುವುದು ಕೆಲವೇ ಮಿಲಿವೋಲ್ಟ್. ಚಳಿಗೂ ಲೋಹ ಕುಗ್ಗುತ್ತದೆ, ತಂತಿಯ ರೋಧ ಬದಲಾಗುತ್ತದೆ. ಹಾಗಾದರೆ ಪರದೆಯ ಮೇಲಿನ ಅಂಕಿ ಗಾಳಿಯದೋ ಚಳಿಯದೋ? ನಾಲ್ಕು ಗೇಜ್‌ಗಳ ಬ್ರಿಜ್ ಎಂಬ ಸರ್ಕಿಟ್ ಕಟ್ಟಿದರೆ ಉಷ್ಣತೆಯ ಪ್ರಭಾವ ಬಹುಪಾಲು ಕಳೆದುಹೋಗುತ್ತದೆ. ಆದರೆ ಬ್ಯಾಲೆನ್ಸಿನ ಒಂದು ತುದಿ ಇನ್ನೊಂದಕ್ಕಿಂತ ತುಸು ಬೆಚ್ಚಗಿದ್ದರೆ ಮತ್ತೆ ಮೋಸ. ಆದ್ದರಿಂದ ಗೊತ್ತಿರುವ ಭಾರಗಳನ್ನು ಹಾಕಿ, ಬೇರೆ ಬೇರೆ ಉಷ್ಣತೆಯಲ್ಲಿ ಕ್ಯಾಲಿಬ್ರೇಶನ್. ಒತ್ತಡ ಅಳೆಯುವ ಮಾಡ್ಯೂಲ್‌ಗಳಿಗಂತೂ ಚಳಿ ಆಗಿಬರುವುದೇ ಇಲ್ಲ. ಅವನ್ನು ಮಾದರಿಯೊಳಗೇ ಬಿಸಿ ಪೆಟ್ಟಿಗೆಯಲ್ಲಿ ಬಾಣಂತಿಯ ಹಾಗೆ ಬೆಚ್ಚಗೆ ನೋಡಿಕೊಳ್ಳಬೇಕು.

ಸಾರಜನಕಕ್ಕೆ ವಾಸನೆಯಿಲ್ಲ. ಅದು ಸೋರಿ ಗಾಳಿಯಲ್ಲಿನ ಆಮ್ಲಜನಕ ಶೇಕಡ 21ರಿಂದ ತೀರಾ ಕೆಳಗಿಳಿದರೆ ಮೂಗಿಗೆ ಏನೂ ತಿಳಿಯದೆ ಮನುಷ್ಯ ಬಿದ್ದುಬಿಡಬಹುದು. ಇದನ್ನು ಅಮ್ಮನಿಗೆ ಹೇಳಿಲ್ಲ, ನೀವೂ ಹೇಳಬೇಡಿ. ಅಲಾರಾಂ ಇಲ್ಲದೆ ಅಂಥಲ್ಲಿಗೆ ನಾವು ಕಾಲಿಡುವುದಿಲ್ಲ.

ನಾನು ಈ ಕಸುಬು ಕಲಿತದ್ದು ಬೆಂಗಳೂರಿನ ಒಂದು ಸ್ಟ್ರಕ್ಚರಲ್ ಟೆಸ್ಟ್ ಲ್ಯಾಬಿನಲ್ಲಿ. ಲೋಹವನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜು, ಅಸಿಟೋನಿನಲ್ಲಿ ಒಂದೇ ದಿಕ್ಕಿಗೆ ಒರೆಸು, ಅಂಟು ಹಚ್ಚಿ ಗೇಜ್ ಕೂರಿಸಿ ಹೆಬ್ಬೆರಳಲ್ಲಿ ಒಂದು ನಿಮಿಷ ಒತ್ತಿ ಹಿಡಿ. ಎಂಜಿನಿಯರಿಂಗ್ ಓದಿ ಹೆಬ್ಬೆಟ್ಟು ಒತ್ತುವುದಾ ಎಂದು ಆಗ ಅನಿಸಿದ್ದುಂಟು. ಅದರ ಬೆಲೆ ಹೇಳಲು ಏರ್‌ಬಸ್ಸಿನ ದೊಡ್ಡ ವಿಮಾನ ಎ380ರ ಕಥೆ ಸಾಕು. ಹಾರಾಟದಲ್ಲಿ ಬರಬಹುದಾದ ಗರಿಷ್ಠ ಭಾರದ ಒಂದೂವರೆ ಪಟ್ಟನ್ನು ರೆಕ್ಕೆ ಮೂರು ಸೆಕೆಂಡು ತಾಳಬೇಕೆಂಬುದು ನಿಯಮ. 2006ರ ಫೆಬ್ರವರಿಯಲ್ಲಿ ತುಲೂಸ್‌ನಲ್ಲಿ ಅದರ ರೆಕ್ಕೆ 1.45 ಪಟ್ಟಿನ ಆಸುಪಾಸಿನಲ್ಲೇ ಮುರಿಯಿತು. ಕೊರತೆ ಶೇಕಡ ಮೂರು ಚಿಲ್ಲರೆ. ಅಳತೆಯೇ ಶೇಕಡ ಐದು ಆಚೀಚೆ ಇದ್ದಿದ್ದರೆ ಗೆದ್ದದ್ದೋ ಸೋತದ್ದೋ ಎಂದು ಹೇಳುವವರೇ ಇರುತ್ತಿರಲಿಲ್ಲ. ರೆಕ್ಕೆಯನ್ನು ಬಲಪಡಿಸುವುದೆಂದು ತೀರ್ಮಾನವಾಗಿ, ಅದೇ ಡಿಸೆಂಬರಿನಲ್ಲಿ ವಿಮಾನಕ್ಕೆ ಪ್ರಮಾಣಪತ್ರ ಸಿಕ್ಕಿತು.

ಊರ ಸುದ್ದಿಯ ಬರ ಇಲ್ಲಿಲ್ಲ. 1960ರ ದಶಕದಿಂದಲೂ ಕೇರಳದ ನರ್ಸ್‌ಗಳು ಈ ಕಡೆ ಬಂದು ನೆಲೆಸಿದ್ದಾರೆ. ನನ್ನ ಕಾಸರಗೋಡಿನ ಮಲೆಯಾಳ ಕೇಳಿ ಆ ಚೇಚಿಯರು ನಗುತ್ತಾರೆ, ಆದರೆ ಓಣಂ ಊಟಕ್ಕೆ ಕರೆಯದೆ ಬಿಡುವುದಿಲ್ಲ. ಕನ್ನಡದವರ ರಾಜ್ಯೋತ್ಸವಕ್ಕೂ ಹೋಗುತ್ತೇನೆ. ನವೆಂಬರ್ 1 ಕೇರಳದವರಿಗೂ ಹುಟ್ಟಿದ ದಿನವೇ. ಗಡಿಯವನಿಗೆ ಎರಡೂ ಕಡೆ ಎಲೆ ಹಾಕುತ್ತಾರೆ.

ಪಾಲಿಟೆಕ್ನಿಕ್ ಸೇರಲಿರುವ ಅಕ್ಕನ ಮಗ ಮೊನ್ನೆ ಕೇಳಿದ, "ಮಾವ, ಸೀತಾಂಗೋಳಿಯಲ್ಲಿ ಎಚ್‌ಎಎಲ್ ಉಂಟಲ್ಲ, ಅಲ್ಲಿಗೆ ಇನ್‌ಸ್ಟ್ರುಮೆಂಟೇಶನ್ ಆಗ್ತದಾ?" ಅಲ್ಲಿ ವಿಮಾನದ ಎಲೆಕ್ಟ್ರಾನಿಕ್ಸ್ ಕೆಲಸ, ಎಲೆಕ್ಟ್ರಾನಿಕ್ಸ್ ಓದಿದರೆ ನೇರ ದಾರಿ ಎಂದೆ. ಆದರೆ ವಿಮಾನಕ್ಕೆ ಹೋಗುವ ಯಾವ ಪೆಟ್ಟಿಗೆಯನ್ನೂ ವೈಬ್ರೇಶನ್ ಟೇಬಲ್ಲಿನಲ್ಲಿ ಅಲುಗಿಸದೆ, ಕಾಯಿಸಿ ತಣಿಸದೆ ಒಪ್ಪುವುದಿಲ್ಲ. ಆ ಅಳತೆಗಳಿಗೂ ಜನ ಬೇಕು. ಯಾವುದಕ್ಕೂ ಮೊದಲು ಸೋಲ್ಡರಿಂಗ್ ಕಲಿ ಎಂದೆ. ಫೋಟೊ ಕಳಿಸಿದ್ದಾನೆ. ಅರ್ಧದಷ್ಟು ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಹಿಡಿಯದ ಬೆಸುಗೆ. ಬಿಚ್ಚಿ ಮತ್ತೆ ಮಾಡು ಎಂದು ಬರೆದಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.