ಯಾವುದಕ್ಕೆ ಕಾಯಬೇಕು?

ಈ ವಾರ ನಮ್ಮ ಆಫೀಸಿನ ಇಮೇಲ್ ಹಳೆ ಡೊಮೇನ್ ಬಿಟ್ಟು ಹೊಸ ಡೊಮೇನ್‌ಗೆ ಬಂತು. ಡೊಮೇನ್ ಅಂದರೆ ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು. ವಾರಾಂತ್ಯದಲ್ಲಿ ಎಲ್ಲರ ಮೇಲ್‌ಬಾಕ್ಸ್ ಸಾಗಿಸಿ, ಸೋಮವಾರ ಬೆಳಿಗ್ಗೆ ಹೊಸ ಪಾಸ್‌ವರ್ಡ್ ಹಂಚಿದರು. ಬ್ರೌಸರ್‌ನಲ್ಲಿ ಮೇಲ್ ನೋಡುವವರಿಗೆ ಏನೂ ತೊಂದರೆ ಆಗಲಿಲ್ಲ. ಅಕೌಂಟ್ಸ್‌ನ ಹಿರಿಯ ಮೇಡಂ ಒಬ್ಬರದು ಮಾತ್ರ ತೆರೆಯಲೇ ಇಲ್ಲ. ಅವರು ಕಂಪ್ಯೂಟರಿನ ಮೇಲ್ ಆ್ಯಪ್ ಬಳಸುವವರು. ಪಾಸ್‌ವರ್ಡ್ ಹಾಕುತ್ತಾರೆ, ಅದು ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಆಡಿಟರ್ ಕಳಿಸಬೇಕಿದ್ದ ಫೈಲ್ ಬೇರೆ ಬಂದಿರಲಿಲ್ಲ.

ಸಾಗಾಟದ ಕೆಲಸ ಹಿಡಿದಿದ್ದ ಕಂಪನಿಗೆ ಅವರೇ ಫೋನ್ ಮಾಡಿದರು. ಸ್ಪೀಕರ್ ಆನ್ ಇತ್ತು. ನೆಟ್‌ವರ್ಕ್ ನೋಡಿಕೊಳ್ಳುವವನು ನಾನಾದ್ದರಿಂದ ಪಕ್ಕದಲ್ಲೇ ನಿಂತಿದ್ದೆ.

"48 ಗಂಟೆ ಕಾಯಿರಿ ಮೇಡಂ, ತಾನಾಗೇ ಸರಿಹೋಗುತ್ತೆ."

"ಯಾವುದಕ್ಕೆ ಕಾಯಬೇಕು?"

"48 ಗಂಟೆ ಮೇಡಂ."

"ಎಷ್ಟು ಹೊತ್ತು ಅಂತ ಕೇಳಲಿಲ್ಲಪ್ಪ. ಯಾವುದಕ್ಕೆ ಅಂತ ಕೇಳಿದೆ."

ಆ ಕಡೆ ಸದ್ದಿಲ್ಲ. ಆಮೇಲೆ, "ಸಿಸ್ಟಮ್ ಅಪ್‌ಡೇಟ್ ಆಗ್ತಿದೆ ಮೇಡಂ" ಅಂತ ಬಂತು.

ಇದು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಈ ಕೆಲಸದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯನ್ನೇ ಅವರು ಕೇಳಿದ್ದರು. ಆಫೀಸಿನಲ್ಲಿ ಕೆಲವರು ಅವರಿಗೆ ಕಂಪ್ಯೂಟರ್ ಬರಲ್ಲ ಅಂದುಕೊಂಡಿದ್ದಾರೆ. ಅವರಷ್ಟು ನೇರವಾಗಿ ಯೋಚಿಸುವವರು ಇಲ್ಲಿ ಕಮ್ಮಿ.

ಮೊದಲು ಫೋನಿನ ಬ್ರೌಸರ್‌ನಲ್ಲಿ ಹೊಸ ವಿಳಾಸದಿಂದ ಲಾಗಿನ್ ಮಾಡಿಸಿದೆ. ತಕ್ಷಣ ತೆರೆಯಿತು. ಅಂದರೆ ಬಾಕ್ಸ್ ಇದೆ, ಪಾಸ್‌ವರ್ಡ್ ಸರಿಯಿದೆ. ತೊಂದರೆ ಇರುವುದು ಆ್ಯಪ್‌ನಲ್ಲಿ. ಸೆಟ್ಟಿಂಗ್ಸ್ ತೆರೆದು ನೋಡಿದರೆ ಹಳೆ ಸರ್ವರ್, ಹಳೆ ಯೂಸರ್ ಹೆಸರು ಹಾಗೇ ಕೂತಿವೆ. ಹೊಸ ಪಾಸ್‌ವರ್ಡನ್ನು ಅದು ಹಳೆ ಸರ್ವರ್‌ಗೆ ಕೊಡುತ್ತಿತ್ತು. ಹಳೆ ಸರ್ವರ್ ಒಪ್ಪುವುದಾದರೂ ಹೇಗೆ? 48 ಗಂಟೆ ಅಲ್ಲ, 48 ದಿನ ಕಾದರೂ ಅದು ಹಾಗೇ ಪಾಸ್‌ವರ್ಡ್ ಕೇಳುತ್ತಾ ಇರುತ್ತಿತ್ತು. ಅವರನ್ನು ಕಾಯಿಸಿದ್ದು ಬರುವುದೇ ಇಲ್ಲದ ಬಸ್ಸಿಗೆ.

ಹಳೆ ಅಕೌಂಟನ್ನು ಆ್ಯಪ್‌ನಿಂದ ಅಳಿಸದೆ, ಪಕ್ಕದಲ್ಲಿ ಹೊಸದನ್ನು ಸೇರಿಸಿದೆ. ಅಳಿಸದೇ ಇದ್ದದ್ದಕ್ಕೆ ಕಾರಣ ಇದೆ. ಹಳೆ ವೋಚರ್‌ಗಳ ಮೇಲ್‌ಗಳನ್ನು ಅವರು ಕಂಪ್ಯೂಟರಿನಲ್ಲಿ ಮಾತ್ರ ಇರುವ ಫೋಲ್ಡರ್‌ಗಳಲ್ಲಿ ಇಟ್ಟಿದ್ದರು. ಸರ್ವರ್‌ನಿಂದ ಸರ್ವರ್‌ಗೆ ಸಾಗಿಸುವಾಗ ಅಂಥವು ಬರುವುದಿಲ್ಲ. "ಹಳೆ ಅಕೌಂಟ್ ಡಿಲೀಟ್ ಮಾಡಿ ಹೊಸದು ಹಾಕಿ" ಅಂತ ಸಲೀಸಾಗಿ ಹೇಳುವವರು ಜಾಸ್ತಿ. ಮೊದಲು ಬ್ಯಾಕಪ್ ತೆಗೆದುಕೊಳ್ಳಿ ಅನ್ನುವವರು ಎಷ್ಟು ಜನ?

ಹೊಸ ಅಕೌಂಟ್ ಸೇರಿದ ಕೂಡಲೇ ಇನ್ಬಾಕ್ಸ್ ತುಂಬಲಿಲ್ಲ. ಹೊಸ ಮೇಲ್ ಮೊದಲು, ಹಳೆಯದು ಆಮೇಲೆ, ನಿಧಾನವಾಗಿ ಇಳಿಯತೊಡಗಿತು. ಸರ್ವರ್ ಬದಲಾದರೆ ಪ್ರತಿ ಮೇಲ್‌ನ ಗುರುತಿನ ಸಂಖ್ಯೆಯೂ ಬದಲಾಗುತ್ತದೆ. ಮೊದಲು ಇಳಿಸಿದ್ದು ಇದೇ ಅಂತ ಆ್ಯಪ್‌ಗೆ ತಿಳಿಯುವುದಿಲ್ಲ, ಎಲ್ಲವನ್ನೂ ಮತ್ತೆ ಇಳಿಸಿಕೊಳ್ಳುತ್ತದೆ. ಇದು ನಿಜವಾಗಿ ಕಾಯಬೇಕಾದದ್ದು. ಆ್ಯಪ್‌ನ ಕೆಳಗಿನ ಪಟ್ಟಿಯಲ್ಲಿ ಎಣಿಕೆ ಏರುವುದು ಕಾಣುತ್ತದೆ. ಹಾಗಂತ ಹೇಳಿದ ಮೇಲೆ ಮೇಡಂ ನೆಮ್ಮದಿಯಾಗಿ ಬೇರೆ ಕೆಲಸ ತೆಗೆದರು.

ಆದರೆ ಆಡಿಟರ್ ಫೈಲ್ ಅದರಲ್ಲೂ ಇರಲಿಲ್ಲ. ಆಡಿಟರ್ ಅಂತೂ ಬೆಳಿಗ್ಗೆಯೇ ಹಳೆ ವಿಳಾಸಕ್ಕೆ ಕಳಿಸಿದ್ದೇನೆ ಅನ್ನುತ್ತಾರೆ. ವಾಪಸ್ ಬಂದಿಲ್ಲ, ಸ್ಪ್ಯಾಮ್‌ನಲ್ಲೂ ಇಲ್ಲ.

ಇದು ಎಂಎಕ್ಸ್ ರೆಕಾರ್ಡಿನ ವಿಷಯ. ಒಂದು ಡೊಮೇನ್‌ನ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವುದು ಅದೇ. ಹಳೆ ಡೊಮೇನ್‌ನ ಎಂಎಕ್ಸ್ ಅನ್ನೂ ಹೊಸ ಸರ್ವರ್ ಕಡೆಗೆ ತಿರುಗಿಸಿದ್ದರು. ಆದರೆ ಡಿಎನ್‌ಎಸ್‌ನಲ್ಲಿ, ಅಂದರೆ ಇಂಥ ರೆಕಾರ್ಡುಗಳನ್ನು ಇಡುವ ಇಂಟರ್ನೆಟ್ಟಿನ ವಿಳಾಸ ಪುಸ್ತಕದಲ್ಲಿ, ಬದಲಾವಣೆಯನ್ನು ಯಾರೂ ಮನೆಮನೆಗೆ ಹೋಗಿ ಹೇಳುವುದಿಲ್ಲ. ಒಮ್ಮೆ ಕೇಳಿದ ಸರ್ವರ್‌ಗಳು ಉತ್ತರವನ್ನು ತಮ್ಮಲ್ಲಿ ಇಟ್ಟುಕೊಳ್ಳುತ್ತವೆ. ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಅನ್ನುವುದು ಆ ಉತ್ತರದಲ್ಲೇ ಇರುತ್ತದೆ, ಸೆಕೆಂಡುಗಳಲ್ಲಿ. ಅದೇ ಟಿಟಿಎಲ್. 1983ರಲ್ಲಿ ಪಾಲ್ ಮೋಕಪೆಟ್ರಿಸ್ ಡಿಎನ್‌ಎಸ್ ರೂಪಿಸಿದಾಗಿನಿಂದ ಈ ಏರ್ಪಾಡು ಇದೆ. ಗುಟ್ಟೇನೂ ಅಲ್ಲ.

ಮೇಡಂ ಎದುರಿಗೇ ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ ತೆರೆದು ಹಳೆ ಡೊಮೇನ್‌ನ ಎಂಎಕ್ಸ್ ಕೇಳಿದೆ. ನಮ್ಮ ಇಂಟರ್ನೆಟ್ ಕೊಡುವವರ ಸರ್ವರ್ ಇನ್ನೂ ಹಳೆ ಉತ್ತರವನ್ನೇ ಕೊಟ್ಟಿತು. ಪಕ್ಕದಲ್ಲಿ ಒಂದು ಸಂಖ್ಯೆ, ಇಪ್ಪತ್ತು ಸಾವಿರದ ಆಸುಪಾಸು. ಟಿಟಿಎಲ್‌ನಲ್ಲಿ ಇನ್ನು ಉಳಿದ ಸೆಕೆಂಡುಗಳು ಅವು. ಮತ್ತೆ ಕೇಳಿದೆ. ಸಂಖ್ಯೆ ಸ್ವಲ್ಪ ಇಳಿದಿತ್ತು. ಇನ್ನೊಮ್ಮೆ ಕೇಳಿದೆ, ಇನ್ನೂ ಇಳಿದಿತ್ತು. ಮೇಡಂ ಕನ್ನಡಕ ಮೇಲೇರಿಸಿ ಬಗ್ಗಿ ನೋಡಿದರು. "ಇದು ಸೊನ್ನೆ ಆದ ಮೇಲೆ?" ಹೊಸದಾಗಿ ಕೇಳುತ್ತದೆ, ಹೊಸ ಉತ್ತರ ಬರುತ್ತದೆ ಅಂದೆ. "ಇಷ್ಟನ್ನೇ ಹೇಳೋದಕ್ಕೆ ಆ ಹುಡುಗನಿಗೆ ಏನಾಗಿತ್ತು?" ಅಂದರು.

ಆಡಿಟರ್ ಕಡೆಯೂ ಇದೇ ಕತೆ ಇರಬೇಕು, ಅವರ ಮೇಲ್ ಹಳೆ ಸರ್ವರ್‌ಗೇ ಹೋಗಿರಬೇಕು ಅನ್ನಿಸಿತು. ಹಳೆ ಸರ್ವರ್ ಮುಚ್ಚಿದ್ದರೆ ಅದೇ ವಾಸಿ. ಕಳಿಸುವ ಸರ್ವರ್ ಬಿಟ್ಟು ಬಿಟ್ಟು ಪ್ರಯತ್ನಿಸುತ್ತದೆ. ಕನಿಷ್ಠ 4-5 ದಿನ ಕೈಬಿಡಬಾರದು ಅಂತ ಮೇಲ್ ನಿಯಮದಲ್ಲೇ ಹೇಳಿದೆ. ಅಷ್ಟರಲ್ಲಿ ಹೊಸ ದಾರಿ ಸಿಕ್ಕೇ ಸಿಗುತ್ತದೆ. ಆದರೆ ಇಲ್ಲಿ ಹಳೆ ಸರ್ವರ್ ಜೀವಂತ ಇತ್ತು. ಬಂದ ಮೇಲ್ ಅನ್ನು ತೆಗೆದುಕೊಂಡು ಸುಮ್ನೆ ಇಟ್ಟುಕೊಂಡಿತ್ತು. ಹಳೆ ಪಾಸ್‌ವರ್ಡ್‌ನಿಂದ ಬ್ರೌಸರ್‌ನಲ್ಲಿ ಹಳೆ ಬಾಕ್ಸ್ ತೆರೆದರೆ ಆಡಿಟರ್ ಮೇಲ್ ಮೇಲುಗಡೆಯೇ ಇತ್ತು, ಫೈಲ್ ಸಮೇತ. ಅದರ ಕೆಳಗೆ ಇನ್ನೂ ಕೆಲವು.

ಕಂಪನಿಗೆ ಫೋನ್ ಮಾಡಿ, ಎಲ್ಲರ ಹಳೆ ಬಾಕ್ಸ್‌ನಿಂದ ಇನ್ನೊಂದು ಸುತ್ತು ಸಿಂಕ್ ಮಾಡಿಸಿ, ಉಳಿದ ಮೇಲ್‌ಗಳನ್ನು ಹೊಸ ಬಾಕ್ಸ್‌ಗೆ ತನ್ನಿ ಅಂದೆ. ಮಾಡಿದರು. ಆದರೆ ಇದನ್ನು ನಾವು ಕೇಳಬೇಕಿತ್ತಾ? ಟಿಟಿಎಲ್ 86,400 ಸೆಕೆಂಡು, ಅಂದರೆ ಪೂರ್ತಿ ಒಂದು ದಿನ ಇತ್ತು. ಒಂದೆರಡು ದಿನ ಮೊದಲೇ ಅದನ್ನು 300ಕ್ಕೆ ಇಳಿಸಿದ್ದರೆ ಹೆಚ್ಚಿನ ಕಡೆ ಐದು ನಿಮಿಷದಲ್ಲಿ ಮುಗಿಯುವ ಕೆಲಸ. ಇದಕ್ಕೇ ಹಣ ತೆಗೆದುಕೊಳ್ಳುವವರು ಇದನ್ನು ಮರೆಯಬಾರದು.

ಫೋನಿನ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಮುಂದೆ ಒಂದು ಸಾಲು ಬರೆದಿಟ್ಟಿದ್ದಾರೆ, ಅವನು ಓದುತ್ತಾನೆ. ಸಿಟ್ಟು ಆ ಸಾಲು ಬರೆದವರ ಮೇಲೆ. ಮೂರು ಬೇರೆ ಬೇರೆ ತೊಂದರೆಗೆ ಒಂದೇ ಉತ್ತರ. ಒಂದಕ್ಕೆ ಕಾಯುವುದೇ ಬೇಡ, ಒಂದು ಕಣ್ಣೆದುರೇ ಮುಗಿಯುತ್ತದೆ, ಇನ್ನೊಂದರಲ್ಲಿ ಕಾದರೂ ಸಾಲದು, ಹಳೆ ಬಾಕ್ಸಿಗೆ ಹೋಗಿ ತರಬೇಕು. ಕಾಯಿರಿ ಅನ್ನುವ ಮಾತು ಕೇಳಿದವರ ಕೈ ಕಟ್ಟಿಹಾಕುತ್ತದೆ. 48 ಗಂಟೆ ಆದಮೇಲೆ ಮತ್ತೆ ಫೋನ್ ಮಾಡಿದರೆ ಇನ್ನೊಬ್ಬ ಎತ್ತುತ್ತಾನೆ, ಮೊದಲಿನಿಂದ ಕತೆ ಹೇಳಬೇಕು. ಆಸ್ಪತ್ರೆಯ ರಿಪೋರ್ಟ್‌ಗೂ ಹೀಗೇ ಕಾಯಿಸುತ್ತಾರೆ, ಬ್ಯಾಂಕಿನ ರೀಫಂಡ್‌ಗೂ ಹೀಗೇ. ಯಾವುದಕ್ಕೆ ಅಂತ ಕೇಳಿದರೆ ಎಷ್ಟು ಹೊತ್ತು ಅಂತ ಉತ್ತರ.

ಮಾರನೇ ದಿನ ಮೇಡಂ ಇನ್ನೊಂದು ಕೇಳಿದರು. "ಹಳೆ ಡೊಮೇನ್ ಇನ್ನು ಬೇಕಾ? ರಿನ್ಯೂ ಪಟ್ಟಿಯಿಂದ ತೆಗೆಯಿರಿ ಅಂತ ಹೇಳಿದಾರೆ." ಬೇಕೇ ಬೇಕು ಅಂದೆ. ಬಿಟ್ಟರೆ ಯಾರು ಬೇಕಾದರೂ ಅದನ್ನು ಕೊಳ್ಳಬಹುದು. ಆಮೇಲೆ ನಮ್ಮ ಹಳೆ ವಿಳಾಸಕ್ಕೆ ಬರುವ ಬಿಲ್ಲು, ಒಟಿಪಿ, ಪಾಸ್‌ವರ್ಡ್ ಬದಲಿಸುವ ಲಿಂಕ್ ಎಲ್ಲ ಅವರ ಪಾಲು. ಪೂರ್ತಿ ಕೇಳಿಸಿಕೊಂಡು, ಯಾರನ್ನೂ ಕೇಳದೆ, ಹಳೆ ಡೊಮೇನ್ ಹೆಸರನ್ನು ಪಟ್ಟಿಯಲ್ಲಿ ಹಾಗೇ ಉಳಿಸಿ ಕಾರಣ ಅಂತ ಇದ್ದ ಜಾಗದಲ್ಲಿ ನಾಲ್ಕು ಸಾಲು ಬರೆದರು.