ಪಾಯಸದ ಬಕೆಟ್ ಹಿಡಿದ ದಿನ

ಮೊನ್ನೆ ನೀರ್ಚಾಲಿನ ಹತ್ತಿರ ನೆಂಟರ ಮನೆಯಲ್ಲಿ ಉಪನಯನ. ನಮ್ಮ ಕಾಸರಗೋಡಿನ ಹವ್ಯಕರ ಮನೆಗಳಲ್ಲಿ ಬಡಿಸುವುದು, ಓಡಾಡುವುದಕ್ಕೆಲ್ಲ ಸುದರಿಕೆ ಅಂತಾರೆ. ನೆಂಟರು, ನೆರೆಕರೆಯವರೇ ಸೊಂಟಕ್ಕೆ ಬೈರಾಸು (ಟವೆಲು) ಕಟ್ಟಿ ಇಳಿಯುತ್ತಾರೆ. ಇಷ್ಟು ವರ್ಷ ನನಗೆ ಸಿಗುತ್ತಿದ್ದದ್ದು ನೀರು, ಉಪ್ಪು. ಈ ಸಲ ಪಾಯಸ!

ಸಾರಿನವನನ್ನು ಯಾರೂ ತಲೆ ಎತ್ತಿ ನೋಡುವುದಿಲ್ಲ. ಪಾಯಸದವನು ಹಂತಿಯ, ಅಂದರೆ ಊಟದ ಸಾಲಿನ, ಆ ತುದಿಗೆ ಕಾಲಿಟ್ಟರೆ ಸಾಕು, ಈ ತುದಿಯವರು ಮೇಲಾರದ (ಮಜ್ಜಿಗೆಹುಳಿಯ) ಅನ್ನ ಬೇಗ ಬೇಗ ಮುಗಿಸಿ, ಎಲೆಯ ನಡುವೆ ಜಾಗ ಮಾಡಿ, ಉಳಿಸಿಟ್ಟ ಅರ್ಧ ಹಪ್ಪಳವನ್ನು ಹತ್ತಿರ ಎಳೆದುಕೊಂಡು, ಏನೂ ಗೊತ್ತಿಲ್ಲದವರ ಹಾಗೆ ಪಕ್ಕದವರ ಜೊತೆ ಅಡಿಕೆ ರೇಟು ಮಾತಾಡುತ್ತಾ ಕೂರುತ್ತಾರೆ.

ಅವತ್ತು ಕಡ್ಲೆಬೇಳೆ ಪಾಯಸ. ಬೆಂದ ಬೇಳೆಗೆ ಬೆಲ್ಲ, ತೆಳು ಕಾಯಿಹಾಲು ಹಾಕಿ ಕುದಿಸುತ್ತಾರೆ. ದಪ್ಪ ಹಾಲು ಮಾತ್ರ ಕೊನೆಗೆ, ಒಲೆಯಿಂದ ಇಳಿಸುವಾಗ. ಅದು ಕುದಿದರೆ ಒಡೆಯುತ್ತದೆ. ಹಾಗಾಗಿ ಹಂತಿ ಕೂತ ಮೇಲೂ ಅಡುಗೆ ಭಟ್ರು ಬಕೆಟ್ ಕೊಡಲಿಲ್ಲ. "ನಿಲ್ಲು, ಹಾಲು ಬೀಳಲಿ" ಅಂದರು. ನಿಂತೆ.

ಮೇಜಿನ ಮೇಲಿನ ಬಾಳೆಲೆಗೆ ಪಾಯಸ ಬಡಿಸುವುದು ಸುಲಭ ಅಲ್ಲ. ಮೇಜು ಸ್ವಲ್ಪ ವಾಲಿದ್ದರೂ ಅದು ಸೀದಾ ಮಡಿಲಿಗೆ ಬರುತ್ತದೆ. ಒಬ್ಬರು ಅಜ್ಜ "ಬೇಡ, ಬೇಡ, ರಜ್ಜ ಸಾಕು" ಅಂತ ಕೈ ಅಡ್ಡ ಹಿಡಿದರು, ಬೆರಳುಗಳ ಮಧ್ಯೆ ಎರಡು ಸೌಟು ಇಳಿಯುವಷ್ಟು ಸಂದು ಬಿಟ್ಟು. ಎರಡೇ ಸೌಟು ಹಾಕಿದೆ. ಮೂರನೆಯದಕ್ಕೆ ಅವರೇ ಕರೆದರು.

ಆಮೇಲೆ ಹೋಳಿಗೆ, ಮೇಲೆ ಕಾಯಿಹಾಲು. ನಡುವೆ ಯಾರೋ ಚೂರ್ಣಿಕೆ, ಅಂದರೆ ಊಟದ ಹೊತ್ತಿಗೆ ಗಟ್ಟಿಯಾಗಿ ಹೇಳುವ ದೇವರ ಸ್ತುತಿ, ಹೇಳಿದರು, ಹಂತಿಯಿಡೀ 'ಹರಹರ ಮಹಾದೇವ' ಅಂತು. ಸಿಹಿಗೆ ಊಟ ಮುಗಿಯಲಿಲ್ಲ, ನಮ್ಮಲ್ಲಿ ಮುಗಿಯುವುದೂ ಇಲ್ಲ. ಮಜ್ಜಿಗೆ ಅನ್ನ, ಒಂದು ಮಿಡಿ ಉಪ್ಪಿನಕಾಯಿ ಬೇಕೇ ಬೇಕು. ನಮ್ಮ ಪಕ್ಕದ ಮಲಯಾಳಿ ಮನೆಯವರು ಓಣದ ದಿನ ಪಾಯಸಕ್ಕೆ ಬಾಳೆಹಣ್ಣು, ಪಪ್ಪಡ ಹಿಸುಕಿ ಕಲಸುತ್ತಾರೆ. ಚಿಕ್ಕವನಿದ್ದಾಗ ಇದೆಂಥ ಅವಸ್ಥೆ ಅನಿಸಿತ್ತು, ಈಗ ನಾನೂ ಹಾಗೇ ತಿನ್ನುವುದು.

ಕೈ ತೊಳೆಯುವಲ್ಲಿ ಐಸ್‌ಕ್ರೀಂ ಕಪ್ ಇಟ್ಟಿದ್ದರು. ಇದು ನನಗೆ ಸರಿ ಬರುವುದಿಲ್ಲ. ಯಾರೂ ಬಡಿಸುವುದಿಲ್ಲ, ಯಾರೂ ಬೇಡ ಅನ್ನುವುದಿಲ್ಲ, ಸುಮ್ನೆ ಎತ್ತಿಕೊಂಡು ಹೋಗುವುದು. ಒಂದು ನಾನೂ ತೆಗೆದುಕೊಂಡೆ, ಸುಳ್ಳು ಯಾಕೆ. ಕೊನೆಯ ಹಂತಿಗೆ ನಾವು ಕೂರುವಾಗ ಪಾಯಸ ಮುಗಿಯುತ್ತಾ ಬಂದು ಬಕೆಟಿನ ತಳ ಕಾಣುತ್ತಿತ್ತು.